ಕಾಕಾನ ಫೋನು ಜೋಳದ ಡಬ್ಬಿಯೊಳಗೆ

ಕನ್ನಡ ಸಂಘದವರು ಈ ಸಂಚಿಕೆಗೆ ನಿಮ್ಮ ಪ್ರಾಜೆಕ್ಟ್ ಬಗ್ಗೆ ಬರೆದುಕೊಡಿ ಅಂದಾಗ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಎಕ್ಸ್‌ಪೋದಲ್ಲಿ ನಮ್ಮ ಟೇಬಲ್ ಮೇಲೆ ಇದ್ದದ್ದು ಮಣ್ಣಿನ ತೇವ ಅಳೆಯೋ ಸೆನ್ಸರ್, ಹನಿ ನೀರಾವರಿಗೆ. ನೋಡಿದವರಿಗೆ ನೆನಪಿರಬಹುದು, ಮೋಟಾರ್ ಎರಡು ಸಲ ತಾನಾಗೇ ಶುರುವಾಗಿ ಪಕ್ಕದ ಟೇಬಲ್‌ನವರ ಚಾರ್ಟ್ ತೋಯಿಸಿತ್ತು. ಅದನ್ನು ಕೊನೇ ಹನ್ನೆರಡು ದಿನದಲ್ಲಿ ಗಡಿಬಿಡಿಯಿಂದ ಮಾಡಿದ್ದು. ಅದಕ್ಕೂ ಮುಂಚೆ ಇಡೀ ಸೆಮಿಸ್ಟರ್ ಕೂತು ಮಾಡಿದ ಪ್ರಾಜೆಕ್ಟ್ ಬೇರೆ ಇತ್ತು. ಅದನ್ನು ನಾವೇ ಡಿಲೀಟ್ ಮಾಡಿದ್ವಿ. ಯಾಕೆ ಅಂತ ಕೇಳಿದ ಗೆಳೆಯರಿಗೆಲ್ಲ "ಬಗ್ ಜಾಸ್ತಿ ಇತ್ತು" ಅಂತ ಹೇಳಿ ತಪ್ಪಿಸಿಕೊಂಡಿದ್ವಿ. ಬಗ್ ಎಲ್ಲಿತ್ತು ಅಂತ ಇವತ್ತು ಹೇಳ್ತೀವಿ.

ಮೊದಲೇ ಎರಡು ಮಾತು. ನಾವು ಮೂವರೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಮನೇಲಿ ಕನ್ನಡ ಮಾತಾಡ್ತೀವಿ, ಬರೆಯೋಕೆ ಕೂತರೆ ಕೈ ತಡವರಿಸುತ್ತೆ. ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ. ಎರಡನೇದು, ಟೈಪ್ ಮಾಡಿದ್ದು ಒಬ್ಬರಾದರೂ ಕೊನೇತನಕ "ನಾವು" ಅಂತಲೇ ಬರೀತೀವಿ, ಯಾಕಂದ್ರೆ ತಪ್ಪು ಮಾಡಿದ್ದು ಮೂವರೂ ಸೇರಿ.

ನಮ್ಮಲ್ಲಿ ಒಬ್ಬರ ಊರು ಗುಡೂರು. ಬಾಗಲಕೋಟೆಯಿಂದ ಅಮೀನಗಡಕ್ಕೆ ಹೋಗಿ, ಅಲ್ಲಿ ಕರದಂಟು ಕಟ್ಟಿಸಿಕೊಂಡು, ಬಸ್ ಬದಲಿಸಿ ಹೋಗ್ತೀವಿ. ಆ ಭಾಗದ ಎಷ್ಟೋ ಮನೆಗಳ ಹಾಗೆ ಅವರ ಮನೇಲೂ ಕೈಮಗ್ಗ ಇದೆ. ಇಳಕಲ್ ಸೀರೆ ಇಳಕಲ್ ಪೇಟೆಯಲ್ಲಿ ಮಾತ್ರ ನೇಯೋದು ಅಂತ ನಾವು ಉಳಿದಿಬ್ಬರು ತಿಳಿದಿದ್ವಿ, ಸುತ್ತಲಿನ ಹಳ್ಳಿಗಳಲ್ಲೂ ನೇಯ್ತಾರೆ ಅಂತ ಅಲ್ಲಿಗೆ ಹೋದ ಮೇಲೆ ಗೊತ್ತಾಯ್ತು. ಆ ಮನೆಯ ಮಗ್ಗದಲ್ಲಿ ಕೂರೋದು ಕಾಕಾ. ಯಾರ ಕಾಕಾ ಅಂತ ಹೇಳಲ್ಲ, ಈಗ ಮೂವರಿಗೂ ಕಾಕಾನೇ. ಊರಿನ ಹೆಸರು ಬರೀಬಹುದಾ ಅಂತ ಕೇಳಿದ್ದಕ್ಕೆ "ಬರೀರಿ, ನಮ್ಮೂರೇನು ಕಳ್ಳರೂರಲ್ಲ" ಅಂದರು. ತಮ್ಮ ಹೆಸರು ಬೇಡ ಅಂದರು.

ಕಾಕಾಗೆ ಸ್ಕಿಜೋಫ್ರೇನಿಯಾ ಇದೆ. ಹನ್ನೊಂದು ವರ್ಷದಿಂದ ಮಾತ್ರೆ ತಗೋತಾರೆ. ಮೊದಲು ಬಂದಾಗ ಮನೆಯವರಿಗೆ ಏನೂ ತಿಳಿದಿರಲಿಲ್ಲ. ಓಣಿಯ ಜನ ಹಿಂದಿನಿಂದ ನೋಡ್ತಾರೆ, ಗೋಡೆಯೊಳಗೆ ಏನೋ ಇಟ್ಟಿದ್ದಾರೆ, ನಾನು ಮಾತಾಡಿದ್ದು ಎಲ್ಲೋ ಹೋಗಿ ಮುಟ್ಟುತ್ತೆ ಅಂತ ಹೇಳ್ತಿದ್ದರಂತೆ. ದೇವರು, ತಾಯಿತ ಎಲ್ಲ ಆಯ್ತು. ನಮ್ಮ ಕಡೆ ಯಾರಾದರೂ ಸ್ವಲ್ಪ ಬೇರೆ ಥರ ನಡ್ಕೊಂಡರೆ "ಇವನನ್ನ ಧಾರವಾಡಕ್ಕ ಕಳಿಸಬೇಕು" ಅಂತಾರಲ್ಲ, ಅಲ್ಲಿ ಹಳೇ ಕಾಲದಿಂದ ಮಾನಸಿಕ ಆಸ್ಪತ್ರೆ ಇರೋದರಿಂದ ಬಂದ ಮಾತು. ಈಗಿನ ಡಿಮ್ಹಾನ್ಸ್ ಅದೇ. ನಾವೂ ಹಾಸ್ಟೆಲಿನಲ್ಲಿ ಆ ಜೋಕ್ ಹೊಡೆದವರೇ. ಕಾಕಾ ಖರೇನೇ ಧಾರವಾಡಕ್ಕೆ ಹೋದರು, ಮಾತ್ರೆ ಶುರುವಾಯ್ತು, ಆರಾಮಾದರು, ಮತ್ತೆ ಮಗ್ಗಕ್ಕೆ ಕೂತರು. ಈಗ ಅಷ್ಟು ದೂರ ಹೋಗಬೇಕಾಗಿಲ್ಲ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರ್ತಾರೆ, ಮಾತ್ರೆ ಅಲ್ಲೇ ಸಿಗುತ್ತೆ.

ಎರಡು ವರ್ಷದ ಹಿಂದೆ ಕಾಕಾ ಮಾತ್ರೆ ಬಿಟ್ಟಿದ್ದರು. ಆರಾಮ ಆಗೇತಲ್ಲ, ಇನ್ಯಾಕೆ ಅಂತ. ಕಾಯಿಲೆ ಮರುಕಳಿಸಿದ್ದು ಮನೆಯವರಿಗೆ ಗೊತ್ತಾಗೋ ಹೊತ್ತಿಗೆ ತಡವಾಗಿತ್ತು. ಒಂದು ರಾತ್ರಿ ಎದ್ದು ಹೋದವರು ಮೂರು ದಿನ ಆದಮೇಲೆ ಸಿಕ್ಕಿದ್ದು. ಅದಾದಾಗಿನಿಂದ ಕಾಕುಗೆ ನಿದ್ದೆ ಸರಿಯಿಲ್ಲ. ರಾತ್ರಿ ಬಾಗಿಲ ಸಪ್ಪಳಕ್ಕೆ ಎದ್ದು ಕೂರ್ತಾರೆ.

ಪ್ರಾಜೆಕ್ಟ್ ಐಡಿಯಾ ಬಂದದ್ದು ಅಲ್ಲಿಂದ. ದಸರಾ ರಜೆಯಲ್ಲಿ ನಾವು ಮೂವರೂ ಗುಡೂರಿಗೆ ಹೋಗಿದ್ವಿ. ರೊಟ್ಟಿ ತಟ್ಟುತ್ತಾ ಕಾಕು ಅಂದದ್ದು ಇಷ್ಟು: "ಡಾಕ್ಟರ್ ಹೆಂಗದೀರಿ ಅಂತ ಕೇಳ್ತಾರ, ಇವರು ಆರಾಮದೀನ್ರಿ ಅಂತಾರ. ಅಷ್ಟ. ಮತ್ತೊಂದು ತಿಂಗಳ."

ನಮಗೆ ಇದು ಪಕ್ಕಾ ಎಂಜಿನಿಯರಿಂಗ್ ಪ್ರಾಬ್ಲಮ್ ಅನ್ನಿಸಿತು. ಯೋಚನೆ ಮಾಡಿ. ಸಕ್ಕರೆ ಕಾಯಿಲೆಗೆ ಗ್ಲುಕೋಮೀಟರ್ ಇದೆ, ಬಿಪಿಗೆ ಪಟ್ಟಿ ಇದೆ. ಮನಸ್ಸಿನ ಕಾಯಿಲೆಗೆ ಇರೋ ಮೀಟರ್ ಅಂದ್ರೆ "ಹೆಂಗದೀರಿ?" ಅನ್ನೋ ಪ್ರಶ್ನೆ. ಅದಕ್ಕೆ ನಮ್ಮ ಕಡೆ ಇರೋದು ಒಂದೇ ಉತ್ತರ, "ಆರಾಮ". ಜ್ವರ ಇದ್ದರೂ ಆರಾಮ, ಸಾಲ ಇದ್ದರೂ ಆರಾಮ, ನಾಲ್ಕು ಬ್ಯಾಕ್‌ಲಾಗ್ ಇದ್ದರೂ ಆರಾಮ. ಡಾಕ್ಟರ್ ಎದುರು ಸಾಲಿನಲ್ಲಿ ಐವತ್ತು ಜನ. ಅವರ ಕೈಗೆ ಸಿಗೋದು ಮೂವತ್ತು ದಿನಕ್ಕೆ ಒಂದು ಸ್ಯಾಂಪಲ್, ಅದೂ ಈ "ಆರಾಮ". ಸಿಗ್ನಲ್ಸ್ ಪೇಪರ್ ಬರೆದವರಿಗೆ ಹೇಳಬೇಕಾಗಿಲ್ಲ, ಇಷ್ಟು ಕಡಿಮೆ ಸ್ಯಾಂಪಲಿಂಗ್‌ನಲ್ಲಿ ಅಲೆ ಹೆಂಗಿತ್ತು ಅಂತ ಯಾರಿಗೂ ಗೊತ್ತಾಗಲ್ಲ.

ಓದೋಕೆ ಶುರು ಮಾಡಿದ್ವಿ. ಓದಿದಷ್ಟೂ ಹುರುಪು ಬಂತು. 2013ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಸ್ಟೂಡೆಂಟ್‌ಲೈಫ್ ಅಂತ ಒಂದು ಅಧ್ಯಯನ ಮಾಡಿದರು. ನಮ್ಮಂಥ 48 ವಿದ್ಯಾರ್ಥಿಗಳ ಆಂಡ್ರಾಯ್ಡ್ ಫೋನುಗಳು 10 ವಾರ ಅವರ ನಿದ್ದೆ, ಓಡಾಟ, ಮಾತುಕತೆ ಎಷ್ಟು ಅಂತ ಲೆಕ್ಕ ಇಟ್ಟವು. ಸೆಮಿಸ್ಟರ್ ಶುರುವಿನಲ್ಲಿ ಎಲ್ಲರೂ ಖುಷಿ, ಮಾತು ಜಾಸ್ತಿ. ಅಸೈನ್‌ಮೆಂಟ್ ಏರಿದಂತೆ ಒತ್ತಡ ಏರಿ ನಿದ್ದೆ, ಮಾತು, ಓಡಾಟ ಮೂರೂ ಇಳಿದವು. ಇದನ್ನು ಕಂಡುಹಿಡಿಯೋಕೆ ಅಷ್ಟು ದೂರ ಹೋಗಬೇಕಿತ್ತಾ, ನಮ್ಮ ಹಾಸ್ಟೆಲ್ ಮೆಸ್ಸಿಗೆ ಬಂದಿದ್ದರೆ ಸಾಕಿತ್ತು ಅಂತ ನಕ್ಕೆವು. ಆದರೆ ವಿಷಯ ದೊಡ್ಡದು. ಮನಸ್ಸು ಇಳಿಯೋದನ್ನ ಬಾಯಿ ಹೇಳದೇ ಇದ್ದರೂ ಫೋನು ಹೇಳುತ್ತೆ.

ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಮೈಂಡ್‌ಲ್ಯಾಂಪ್ ಅನ್ನೋ ಆ್ಯಪ್ ಬಾಸ್ಟನ್ನಿನ ಒಂದು ಆಸ್ಪತ್ರೆಯಲ್ಲಿ ಹುಟ್ಟಿದ್ದು. ಅದನ್ನಿಟ್ಟುಕೊಂಡು ಬೆಂಗಳೂರಿನ ನಿಮ್ಹಾನ್ಸ್ ಮತ್ತು ಭೋಪಾಲದ ಸಂಗತ್ ಸಂಸ್ಥೆಯವರು ಬಾಸ್ಟನ್ನಿನವರ ಜೊತೆ ಸೇರಿ ಸ್ಕಿಜೋಫ್ರೇನಿಯಾ ಮರುಕಳಿಸೋದನ್ನ ಮೊದಲೇ ಹಿಡಿಯಬಹುದಾ ಅಂತ ಅಧ್ಯಯನ ಮಾಡಿದ್ದಾರೆ. ಅದರ ಹಿಂದಿನ ವಿಚಾರ ಸರಳ. ಒಬ್ಬರ ನಿದ್ದೆಯನ್ನ ಊರವರೆಲ್ಲರ ಸರಾಸರಿ ಜೊತೆ ಹೋಲಿಸಬೇಡಿ, ಅವರದೇ ಹಿಂದಿನ ವಾರಗಳ ಜೊತೆ ಹೋಲಿಸಿ. ಯಾವತ್ತೂ ಹತ್ತಕ್ಕೆ ಮಲಗೋ ಮನುಷ್ಯ ಮೂರು ದಿನದಿಂದ ಎರಡು ಗಂಟೆಗೆ ಫೋನು ನೋಡ್ತಿದ್ದಾನೆ ಅಂದರೆ ಅದು ಸುದ್ದಿ. ನಮ್ಮ ಗಣಿತಕ್ಕೆ ಇದು ಎಟುಕುವಂಥದ್ದು. ಸರಾಸರಿ, ಸ್ಟ್ಯಾಂಡರ್ಡ್ ಡೀವಿಯೇಶನ್, ಗಡಿ ದಾಟಿದರೆ ಅಲಾರ್ಮ್.

ಇಂಥದ್ದು ಬೇಕು ಅನ್ನೋದರಲ್ಲಿ ಈಗಲೂ ನಮಗೆ ಅನುಮಾನ ಇಲ್ಲ. 2015-16ರಲ್ಲಿ ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ, ಮಾನಸಿಕ ಕಾಯಿಲೆ ಇರೋರಲ್ಲಿ ಚಿಕಿತ್ಸೆ ಸಿಗದವರು, ಕಾಯಿಲೆ ಯಾವುದು ಅನ್ನೋದರ ಮೇಲೆ, ಶೇ 70ರಿಂದ 92. ಸಿಕ್ಕವರದ್ದೂ ಅರ್ಧಕ್ಕೆ ನಿಲ್ಲುತ್ತೆ. ಇದು ಹೊಸ ಚಿಂತೆಯೂ ಅಲ್ಲ. 1985ರಲ್ಲೇ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಸಿಬ್ಬಂದಿಗೆ ತರಬೇತಿ ಕೊಟ್ಟು, ಸುಲಭವಾದ ದಾಖಲೆ ಪುಸ್ತಕ ಇಡಿಸಿ, ಊರಲ್ಲೇ ಚಿಕಿತ್ಸೆ ಕೊಡಬಹುದು ಅಂತ ತೋರಿಸಿದರು. ಅದೇ ಬಳ್ಳಾರಿ ಮಾದರಿ, 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆಯ್ತು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಆ ರಿಜಿಸ್ಟರ್ ಪುಸ್ತಕವೇ ಮಾನಿಟರಿಂಗ್ ಟೆಕ್ನಾಲಜಿ. ಯಾರು ಬಂದರು, ಯಾರು ಬರಲಿಲ್ಲ, ಯಾರ ಮನೆಗೆ ಹೋಗಿ ಕೇಳಬೇಕು ಅಂತ ಅದನ್ನ ನೋಡಿದರೆ ತಿಳೀತಿತ್ತು. ನಾವು ಅದರ ಮುಂದಿನ ಹೆಜ್ಜೆ ಇಡ್ತಿದ್ದೀವಿ ಅಂದುಕೊಂಡ್ವಿ.

ಈಗ ತಪ್ಪಿನ ವಿಷಯ.

ಆ್ಯಪ್ ತಯಾರಾಯ್ತು. ಸ್ಕ್ರೀನ್ ಯಾವಾಗ ಆನ್, ಯಾವಾಗ ಆಫ್ ಅನ್ನೋದರಿಂದ ನಿದ್ದೆಯ ಅಂದಾಜು. ಹೆಜ್ಜೆ ಲೆಕ್ಕ. ಜಿಪಿಎಸ್‌ನಿಂದ ಮನೆಯಿಂದ ಎಷ್ಟು ದೂರ. ಇದರ ಮೇಲೆ ನಮ್ಮದೇ ಒಂದು ಬುದ್ಧಿವಂತಿಕೆ ಸೇರಿಸಿದ್ವಿ. ಮಗ್ಗದ ಸಪ್ಪಳ. ಕಾಕಾ ಆರಾಮಿದ್ದಾಗ ಮಗ್ಗ ಒಂದೇ ಲಯದಲ್ಲಿ ನಡೆಯುತ್ತೆ, ಮನಸ್ಸು ಸರಿಯಿಲ್ಲದಾಗ ನಿಂತು ನಿಂತು ನಡೆಯುತ್ತೆ ಅಂತ ಕಾಕು ಹೇಳಿದ್ದರು. ಅಡುಗೆಮನೇಲಿದ್ದುಕೊಂಡೇ ಅವರಿಗದು ಗೊತ್ತಾಗುತ್ತೆ. ಕಾಕು ಕಿವಿ ಮಾಡೋ ಕೆಲಸವನ್ನ ಫೋನಿನ ಮೈಕ್ ಮಾಡಲಿ ಅಂತ, ಗಂಟೆಗೊಂದು ಸಲ ಅರ್ಧ ನಿಮಿಷ ಮೈಕ್ ಆನ್ ಆಗೋ ಹಾಗೆ ಬರೆದ್ವಿ. ಲಾಳಿಯ ಹೊಡೆತ ಎಣಿಸೋ ಕೋಡ್ ಕೆಲಸ ಮಾಡಿದ ರಾತ್ರಿ ಲ್ಯಾಬಿನಲ್ಲಿ ಕುಣಿದದ್ದೇ ಕುಣಿದದ್ದು.

ಕಾಕಾಗೆ ಏನಂತ ಹೇಳಿದ್ವಿ? "ಕಾಕಾ, ಇದು ಎಷ್ಟು ಹೆಜ್ಜೆ ನಡೀತೀರಿ ಅಂತ ಎಣಸ್ತೈತಿ" ಅಂದ್ವಿ. ಅಷ್ಟೇ. ಪೂರ್ತಿ ಸುಳ್ಳಲ್ಲ, ಹತ್ತರಲ್ಲಿ ಒಂದು ಪಾಲು ನಿಜ. ಕಾಕುಗೆ ಮಾತ್ರ ಎಲ್ಲ ಹೇಳಿದ್ವಿ, ಅವರು ಹೂಂ ಅಂದರು. ಹಿನ್ನೆಲೆಯಲ್ಲಿ ಓಡೋ ಆ್ಯಪ್‌ಗೆ ಮೇಲೊಂದು ನೋಟಿಫಿಕೇಶನ್ ತೋರಿಸಲೇಬೇಕು ಅಂತ ಆಂಡ್ರಾಯ್ಡ್ ನಿಯಮ. ಯಾಕೆ ಆ ನಿಯಮ ಇದೆ ಅಂತ ಯೋಚಿಸಲಿಲ್ಲ, ಹೆಂಗೆ ದಾಟೋದು ಅಂತ ಯೋಚಿಸಿದ್ವಿ. ಅದಕ್ಕೆ "ಸಿಸ್ಟಮ್ ಸರ್ವಿಸ್" ಅಂತ ಹೆಸರಿಟ್ಟು ಬೂದು ಬಣ್ಣದ ಚಿತ್ರ ಹಾಕಿದ್ವಿ, ಗಮನಕ್ಕೆ ಬರದೇ ಇರಲಿ ಅಂತ.

ಮೈಕ್ ಅಥವಾ ಕ್ಯಾಮೆರಾ ಆನ್ ಆದಾಗ ಆಂಡ್ರಾಯ್ಡ್ 12ರ ಮೇಲಿನ ಫೋನುಗಳಲ್ಲಿ ಬಲಗಡೆ ಮೂಲೇಲಿ ಒಂದು ಹಸಿರು ಚುಕ್ಕಿ ಬರುತ್ತೆ. ನಮಗೆಲ್ಲ ಅದು ಕಣ್ಣಿಗೇ ಬೀಳಲ್ಲ. ಕಾಕಾ ನೇಕಾರರು. ಸಾವಿರಾರು ಎಳೆಗಳಲ್ಲಿ ಒಂದು ಹರಿದರೆ ಅವರ ಕಣ್ಣು ಅಲ್ಲೇ ಹೋಗಿ ನಿಲ್ಲುತ್ತೆ.

ಮೊದಲ ಎರಡು ವಾರ ಡ್ಯಾಶ್‌ಬೋರ್ಡ್‌ನಲ್ಲಿ ಎಲ್ಲ ಚೆಂದ. ನಿದ್ದೆ ಏಳು ಗಂಟೆ, ಲಾಳಿ ಸರಿ, ಹೆಜ್ಜೆ ಸರಿ. ಮೂರನೇ ವಾರದಲ್ಲಿ ಹೆಜ್ಜೆ ಸೊನ್ನೆ ಆಯ್ತು, ಮಗ್ಗದ ಸಪ್ಪಳ ಬಹಳ ಕ್ಷೀಣ ಆಯ್ತು, ನಿದ್ದೆ ಹದಿನಾಲ್ಕು ಗಂಟೆ, ಮರುದಿನ ಹತ್ತೊಂಬತ್ತು ಗಂಟೆ. ನಾವು ಏನು ಮಾಡಿದ್ವಿ ಗೊತ್ತಾ? ಎರಡು ರಾತ್ರಿ ಕೂತು ನಿದ್ದೆಯ ಅಲ್ಗಾರಿದಮ್ ತಿದ್ದಿದ್ವಿ! ಮಾತ್ರೆ ಜಾಸ್ತಿ ಆಗಿ ನಿದ್ದೆ ಬರ್ತಿರಬಹುದು ಅಂತ ರಿಪೋರ್ಟಿನಲ್ಲಿ ಒಂದು ಸಾಲನ್ನೂ ಬರೆದ್ವಿ. ಗುಡೂರಿಗೆ ಒಂದು ಫೋನು ಮಾಡಿ "ಕಾಕಾ, ಹೆಂಗದೀರಿ?" ಅಂತ ಕೇಳಬೇಕು ಅನ್ನೋದು ಮೂವರಲ್ಲಿ ಒಬ್ಬರ ತಲೆಗೂ ಬರಲಿಲ್ಲ. ಗ್ರಾಫ್ ಇತ್ತಲ್ಲ.

ಒಂಬತ್ತನೇ ದಿನ ಕಾಕುವಿನ ಫೋನೇ ಬಂತು. "ಅವರು ಫೋನ್ ಒಯ್ದು ಜ್ವಾಳದ ಡಬ್ಬ್ಯಾಗ ಇಟ್ಟಾರ. ಗುಳಿಗಿ ತಗೋವಲ್ರು. ಊಟಾ ನಾ ಮುಟ್ಟಿದ್ದು ಉಣವಲ್ರು."

ಹದಿನಾಲ್ಕು ಗಂಟೆ ಚೆನ್ನಾಗಿ ನಿದ್ದೆ ಮಾಡ್ತಿದ್ದದ್ದು ಜೋಳದ ಡಬ್ಬಿ.

ಶನಿವಾರ ಇಂಟರ್ನಲ್ಸ್ ಬಿಟ್ಟು ಮೊದಲ ಬಸ್ಸಿಗೆ ಹೊರಟ್ವಿ. ಅಮೀನಗಡದಲ್ಲಿ ಕರದಂಟಿನ ಅಂಗಡಿ ಕಡೆ ಯಾರೂ ನೋಡಲಿಲ್ಲ. ದಾರಿಯುದ್ದಕ್ಕೂ ಒಂದೇ ಚರ್ಚೆ, ಹೇಳೋದಾ ಬೇಡವಾ. ಹೇಳಿದರೆ ಕಾಯಿಲೆ ಇನ್ನೂ ಜಾಸ್ತಿ ಆದರೆ? ಸುಮ್ಮನೆ ಆ್ಯಪ್ ತೆಗೆದು ಚುಕ್ಕಿ ಹೋಯ್ತು ನೋಡಿ ಅಂದರೆ ಸಾಕಲ್ಲವಾ? ಒಬ್ಬರು ಅಂದರು, ಹೇಳದೇ ಇದ್ದರೆ ಅವರು ಸಾಯೋತನಕ "ಅವತ್ತು ಹಸಿರು ಚುಕ್ಕಿ ಇತ್ತು" ಅಂತಾರೆ, ಎಲ್ಲರೂ "ಅದು ನಿನ್ನ ಭ್ರಮೆ" ಅಂತಾರೆ, ನಮಗೆ ಮಾತ್ರ ಗೊತ್ತಿರುತ್ತೆ ಅದು ಭ್ರಮೆ ಅಲ್ಲ ಅಂತ. ಅದಾದ ಮೇಲೆ ಯಾರೂ ಮಾತಾಡಲಿಲ್ಲ.

ಕಾಕಾ ಪಡಸಾಲೆಯ ಮೂಲೇಲಿ ಕೂತಿದ್ದರು. ಗಡ್ಡ ಬಂದಿತ್ತು. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ, ಮೇಲೊಂದು ಧೋತರ ಹೊದಿಸಿತ್ತು. ನಾವು ಎದುರಿಗೆ ನೆಲದ ಮೇಲೆ ಕೂತು ಎಲ್ಲ ಹೇಳಿದ್ವಿ. ಫೋನು ತೆಗೆದು ತೋರಿಸಿದ್ವಿ. ಇಲ್ಲಿ ಮೈಕ್, ಇಲ್ಲಿ ಜಾಗ, ಈ "ಸಿಸ್ಟಮ್ ಸರ್ವಿಸ್" ಅನ್ನೋದು ನಾವಿಟ್ಟ ಸುಳ್ಳು ಹೆಸರು, ಮಾಹಿತಿ ಬರ್ತಿದ್ದದ್ದು ನಮ್ಮ ಲ್ಯಾಪ್‌ಟಾಪಿಗೆ. ಕಾಕು ಸೆರಗು ಬಾಯಿಗೆ ಹಿಡ್ಕೊಂಡು ಅಳ್ತಿದ್ದರು.

ಕಾಕಾ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಅಂದ್ರ ಖರೇನ ನೋಡಾಕತ್ತಿದ್ರೇನು?"

"ಹೌದ್ರಿ ಕಾಕಾ."

"ಹನ್ನೊಂದ ವರ್ಷ ಆತು, ಡಾಕ್ಟರು, ಇಕಿ, ನೀವು, ಎಲ್ಲಾರೂ ಸೇರಿ ನನಗ ಹೇಳಿದ್ದೊಂದ ಮಾತು. ಯಾರೂ ನಿನ್ನ ನೋಡಾಂಗಿಲ್ಲೋ ಮಾರಾಯಾ, ಯಾರೂ ಕೇಳಸ್ಕೊಳ್ಳಾಂಗಿಲ್ಲ ಅಂತ. ಅದನ್ನ ನಂಬಾಕ ನನಗ ಎಷ್ಟ ತ್ರಾಸ ಆಗೇತಿ ಗೊತ್ತೈತೇನ್ ನಿಮಗ?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಕಾಯಿಲೆ ಅವರಿಗೆ ಯಾವ ಸುಳ್ಳು ಹೇಳ್ತಿತ್ತೋ ಅದನ್ನ ನಾವು ಕೋಡ್ ಬರೆದು ನಿಜ ಮಾಡಿದ್ವಿ. ಅವರನ್ನ ಕಾಯೋಕೆ ಅಂತಲೇ ಮಾಡಿದ್ವಿ. ಆ ಮಾತು ಅವತ್ತು ಬಾಯಿಂದ ಹೊರಡಲಿಲ್ಲ.

ಮಂಗಳವಾರ ಆಸ್ಪತ್ರೆಗೆ ನಾವೂ ಜೊತೆಗೆ ಹೋದ್ವಿ. ಬೈಸ್ಕೊಳ್ಳೋಕೆ ತಯಾರಾಗಿದ್ವಿ. ಡಾಕ್ಟರ್ ಮೇಡಂ ನಮ್ಮ ಕಡೆ ಒಂದು ಸಲ ನೋಡಿದರು, ಆಮೇಲೆ ಪೂರ್ತಿ ಕಾಕಾನ ಜೊತೆಗೇ ಮಾತಾಡಿದರು. "ಈ ಸಲ ನಿಮ್ಮ ಅನುಮಾನ ಸರಿ ಇತ್ರೀ. ಫೋನಿನಾಗ ಇದ್ದದ್ದು ಖರೇ. ಊಟದಾಗ ಏನೋ ಐತಿ ಅನಸಾಕತ್ತೇತಲ್ಲ, ಅದು ಮಾತ್ರಿ ಬಿಟ್ಟಿದ್ದಕ್ಕ ಬಂದದ್ದು. ಎರಡನ್ನೂ ಬ್ಯಾರೆ ಬ್ಯಾರೆ ಇಡೋಣು" ಅಂದರು. ಕಾಕಾ ತಲೆ ಆಡಿಸಿದರು. ಆ ದಿನ ಮಾತ್ರೆ ಮತ್ತೆ ಶುರುವಾಯ್ತು. ಪೂರ್ತಿ ಆರಾಮಾಗೋಕೆ ಎರಡು ತಿಂಗಳ ಮೇಲೆ ಹಿಡೀತು. ಅಷ್ಟೂ ದಿನ ಮಗ್ಗ ನಿಂತಿತ್ತು. ಹಾಗಂದ್ರೆ ಆ ಮನೆಗೆ ಎರಡು ತಿಂಗಳ ದುಡಿಮೆ ಇರಲಿಲ್ಲ. ಇದನ್ನು ಯಾವ ಪ್ರಾಜೆಕ್ಟ್ ರಿಪೋರ್ಟಿನ ಕಾಸ್ಟ್ ಅನಾಲಿಸಿಸ್‌ನಲ್ಲೂ ನಾವು ಬರೆದಿರಲಿಲ್ಲ.

ಅದಾದಮೇಲೆ ಮತ್ತೆ ಓದಿದ್ವಿ, ಈ ಸಲ ಬೇರೆ ಕಣ್ಣಿಂದ. ನಾವು ಮಾಡಿದ ತಪ್ಪನ್ನ ನಮಗಿಂತ ದೊಡ್ಡವರೂ ಹತ್ತಿರದಿಂದ ಮುಟ್ಟಿ ಬಂದಿದ್ದಾರೆ. 2017ರ ನವೆಂಬರಿನಲ್ಲಿ ಅಮೆರಿಕದ ಎಫ್‌ಡಿಎ ಒಂದು ಮಾತ್ರೆಗೆ ಒಪ್ಪಿಗೆ ಕೊಟ್ಟಿತು, ಹೆಸರು ಅಬಿಲಿಫೈ ಮೈಸೈಟ್. ಮಾತ್ರೆಯೊಳಗೆ ಮರಳಿನ ಕಣದಷ್ಟು ಸೆನ್ಸರ್. ಹೊಟ್ಟೆಯ ರಸ ತಾಗಿದಾಗ ಅದು ಸಿಗ್ನಲ್ ಕೊಡುತ್ತೆ, ಮೈಗೆ ಅಂಟಿಸಿದ ಪಟ್ಟಿ ಅದನ್ನ ಹಿಡಿದು ಫೋನಿಗೆ ಕಳಿಸುತ್ತೆ, ಮಾತ್ರೆ ನುಂಗಿದ್ದು ದಾಖಲಾಗುತ್ತೆ. ಯಾವ ಕಾಯಿಲೆಗೆ? ಸ್ಕಿಜೋಫ್ರೇನಿಯಾ ಅದರಲ್ಲಿ ಮೊದಲನೇದು. ಯಾರೋ ನನ್ನೊಳಗೆ ಏನೋ ಇಟ್ಟಿದ್ದಾರೆ ಅಂತ ಹೆದರೋ ಮನುಷ್ಯನ ಹೊಟ್ಟೆಯೊಳಗೆ ಖರೇನೇ ಒಂದು ಯಂತ್ರ. ರೋಗಿಯ ಒಪ್ಪಿಗೆ ಪಡೆದೇ ಕೊಡ್ತಾರೆ, ಯಾರು ನೋಡಬಹುದು ಅಂತ ರೋಗಿಯೇ ಹೇಳಬಹುದು. ಹಾಗಿದ್ದೂ ಇದು ಸರಿಯಾ ಅಂತ ಡಾಕ್ಟರುಗಳೇ ಪ್ರಶ್ನೆ ಎತ್ತಿದರು. ನಮ್ಮದಕ್ಕೆ ಒಪ್ಪಿಗೆಯೂ ಇರಲಿಲ್ಲ.

ನಮ್ಮ ದೇಶದ ಕಾನೂನೂ ನಮಗೆ ಗೊತ್ತಿರಲಿಲ್ಲ. ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2017, ಜಾರಿಗೆ ಬಂದದ್ದು 2018ರ ಮೇ 29ಕ್ಕೆ. ಅದರ 23ನೇ ಸೆಕ್ಷನ್ ಪ್ರಕಾರ ರೋಗಿಯ ಕಾಯಿಲೆ, ಚಿಕಿತ್ಸೆಯ ವಿಷಯ ಗುಟ್ಟಾಗಿರಬೇಕು, ಅದು ಅವರ ಹಕ್ಕು. 25ನೇ ಸೆಕ್ಷನ್ ಪ್ರಕಾರ ತಮ್ಮ ದಾಖಲೆಗಳನ್ನ ನೋಡೋ ಹಕ್ಕೂ ಅವರಿಗಿದೆ. ನಮ್ಮ ಆ್ಯಪ್‌ನಲ್ಲಿ ಇದು ತಲೆಕೆಳಗಾಗಿತ್ತು. ಕಾಕಾನ ಗ್ರಾಫ್ ನೋಡಬಹುದಾದವರು ನಾವು ಮೂವರು, ಮುಂದೆ ಎಕ್ಸ್‌ಪೋಗೆ ಬರೋ ಪ್ರತಿಯೊಬ್ಬರು. ನೋಡೋಕೆ ಆಗದವರು ಒಬ್ಬರೇ, ಕಾಕಾ. ಈ ಕಾಯ್ದೆಯಡಿ ದಾಖಲೆಗಳನ್ನ ಇಡೋಕೆ ನಮ್ಮ ರಾಜ್ಯ ಸರ್ಕಾರಕ್ಕೆ ಇ-ಮನಸ್ ಅನ್ನೋ ತಂತ್ರಾಂಶ ಮಾಡಿಕೊಟ್ಟದ್ದು ಬೆಂಗಳೂರಿನ ಐಐಐಟಿ ಮತ್ತು ನಿಮ್ಹಾನ್ಸ್. ಅದೂ ಎಂಜಿನಿಯರುಗಳ ಕೆಲಸವೇ. ಯಾರು ಯಾವಾಗ ಏನು ನೋಡಬಹುದು ಅನ್ನೋದೇ ಅಂಥ ತಂತ್ರಾಂಶದ ಕಷ್ಟದ ಭಾಗ. ನಮ್ಮ ಪ್ರಾಜೆಕ್ಟಿನಲ್ಲಿ ಅದಕ್ಕೆ ಒಂದು ಪುಟವೂ ಇರಲಿಲ್ಲ.

ಭಾಷೆಯ ವಿಷಯ ಒಂದಿದೆ, ಕನ್ನಡ ಸಂಘದ ಪತ್ರಿಕೆ ಅಂದಮೇಲೆ ಹೇಳಲೇಬೇಕು. ಆ್ಯಪ್‌ನಲ್ಲಿ ವಾರಕ್ಕೊಮ್ಮೆ ಪಿಎಚ್‌ಕ್ಯೂ-9 ಅನ್ನೋ ಪ್ರಶ್ನಾವಳಿ ಇಟ್ಟಿದ್ವಿ. ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರು ಅಂಕ, ಒಟ್ಟು 27. ಮೊದಲ ತಪ್ಪು, ಅದು ಖಿನ್ನತೆಯನ್ನ ಅಳೆಯೋಕೆ ಮಾಡಿದ್ದು. ಸ್ಕಿಜೋಫ್ರೇನಿಯಾಕ್ಕೆ ಇರೋ ಪ್ಯಾನ್ಸ್ ಅನ್ನೋ ಅಳತೆಯಲ್ಲಿ 30 ಅಂಶ ಇವೆ, ಅದನ್ನ ತರಬೇತಿ ಆದವರು ಎದುರು ಕೂತು ಮಾತಾಡಿಸಿ ಹಾಕಬೇಕು. ಎರಡನೇ ತಪ್ಪು, ಪ್ರಶ್ನೆಗಳನ್ನ ನಾವೇ ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸಿದ್ವಿ. "ಚಟುವಟಿಕೆಗಳಲ್ಲಿ ಆಸಕ್ತಿಯ ಕೊರತೆ" ಅಂತ ಏನೇನೋ ಬರೆದಿದ್ವಿ. ಕಾಕಾ ಅದನ್ನ ಎರಡು ಸಲ ಓದಿ, "ಇದು ಲೈಟ್ ಬಿಲ್ಲಿನ ಕನ್ನಡ ಆತಲ್ಲೋ" ಅಂದಿದ್ದರು. ಅವರ ಮಾತಲ್ಲಿ ಅದು "ಮನಸ್ಸ ಹತ್ತವಲ್ದು". ಬೇಜಾರಿಗೂ ಅವರ ಹತ್ತಿರ ಬೇರೆ ಬೇರೆ ಹೆಸರುಗಳಿವೆ. "ಬ್ಯಾಸರ" ಅಂದ್ರೆ ಸಣ್ಣದು, ಚಹಾ ಕುಡಿದರೆ ಹೋಗುತ್ತೆ. "ಜೀವಕ್ಕ ಸಮಾಧಾನಿಲ್ಲ" ಅಂದ್ರೆ ಎಚ್ಚರ ಇರಬೇಕು. "ಯಾಕೋ ಒಂದ್ ನಮೂನಿ ಆಗಾಕತ್ತೇತಿ" ಅಂದರೆ ಆವತ್ತೇ ಡಾಕ್ಟರಿಗೆ ಹೇಳಬೇಕು. ಈ ಮೂರರ ನಡುವಿನ ಅಂತರ ಸೊನ್ನೆ, ಒಂದು, ಎರಡರಲ್ಲಿ ಸಿಗಲ್ಲ. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಮನಸ್ಸಿನ ಕಾಯಿಲೆಗಳ ಬಗ್ಗೆ ವರ್ಷಗಟ್ಟಲೆ ಕನ್ನಡದಲ್ಲಿ ಪುಸ್ತಕ ಬರೆದಿದ್ದಾರೆ, ನಮ್ಮ ಲೈಬ್ರರಿಯಲ್ಲೂ ಇವೆ. ಆ್ಯಪ್ ಮಾಡೋ ಮುಂಚೆ ಅದರಲ್ಲೊಂದನ್ನ ಓದಿದ್ದರೂ ಸಾಕಿತ್ತು.

ಸಂಕ್ರಾಂತಿ ಆದಮೇಲೆ ಮತ್ತೆ ಗುಡೂರಿಗೆ ಹೋದಾಗ ಮಗ್ಗ ನಡೀತಿತ್ತು. ನಾವು ಆ್ಯಪ್ ವಿಷಯ ಎತ್ತಲಿಲ್ಲ. ಎತ್ತಿದ್ದು ಕಾಕಾನೇ. "ಮತ್ತ, ಆ ಡಾಕ್ಟರ್ ಬಾಯಿ ಮುಂದ ಹೇಳಾಕ ನೆನಪ ಉಳ್ಯಾಂಗಿಲ್ಲೋ. ಬರದ ಇಟ್ಟರ ಚೊಲೊ" ಅಂದರು. ಏನು ಬರೀಬೇಕು ಅಂತ ಈ ಸಲ ಅವರನ್ನೇ ಕೇಳಿದ್ವಿ.

ಅವರು ಹೇಳಿದ್ದು ಮೂರು. ರಾತ್ರಿ ನಿದ್ದೆ ಬಂತಾ. ಮಾತ್ರೆ ತಗೊಂಡೆನಾ. ಮೂರನೇದು ನಮಗೆ ಯಾವ ಜನ್ಮಕ್ಕೂ ಹೊಳೀತಿರಲಿಲ್ಲ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಿ ನೇಯ್ತಾರೆ, ತೋಪು ತೆನೆ ಸೆರಗು ಬರೋದು ಹಾಗೆ. ಅವರ ಮನೇಲಿ ಆ ಜೋಡಿಸೋ ಹೊತ್ತಿಗೆ ಕಾಕು ಪಕ್ಕದಲ್ಲಿ ಕೂತು ಎಳೆ ಕೊಡ್ತಾರೆ. "ಅಕಿ ಬಾಜೂಕ ಕುಂತಾಗ ನನಗ ಸಿಟ್ಟ ಬರಾಕತ್ತು ಅಂದ್ರ, ನಾನ ಒಬ್ಬನ ಜೋಡಸ್ತೀನಿ ಹೋಗ ಅಂದೆ ಅಂದ್ರ, ಅದು ಸುರು ಆತಂತ ತಿಳಕೋರಿ. ಎಲ್ಲಾಕಿಂತ ಮೊದಲ ಬರೂದು ಅದ" ಅಂದರು. ಲಾಳಿಯ ಸಪ್ಪಳ ನಿಲ್ಲೋದು ಅದಾಗಿ ಎಷ್ಟೋ ದಿನದ ಮೇಲಂತೆ. ನಾವು ಮೈಕ್ ಇಟ್ಟು ಹುಡುಕ್ತಿದ್ದ ಸಿಗ್ನಲ್ ಹನ್ನೊಂದು ವರ್ಷದಿಂದ ಅವರ ಹತ್ತಿರವೇ ಇತ್ತು. ಯಾರೂ ಕೇಳಿರಲಿಲ್ಲ ಅಷ್ಟೇ.

ಈಗಿರೋದು ಆ್ಯಪ್ ಅನ್ನೋಕೂ ನಾಚಿಕೆ ಆಗೋವಷ್ಟು ಸಣ್ಣದು. ಒಂದೇ ಪುಟ, ಮೂರು ಸಾಲು. ಪ್ರತಿ ಸಾಲಿಗೂ ಕಾಕಾ ಆರಿಸಿದ ಮೂರು ಗುಂಡಿ: "ಆರಾಮ", "ನಡೀತೈತಿ", "ಒಂದ್ ನಮೂನಿ". ಇಂಟರ್ನೆಟ್ ಪರ್ಮಿಶನ್ನೇ ಇಲ್ಲ, ಜಾಗ ಇಲ್ಲ, ಮೈಕ್ ಇಲ್ಲ. ಬರೆದದ್ದು ಆ ಫೋನು ಬಿಟ್ಟು ಎಲ್ಲೂ ಹೋಗಲ್ಲ. ಮಂಗಳವಾರ ಕಾಕಾ ತಾವೇ ತೆಗೆದು ಡಾಕ್ಟರಿಗೆ ತೋರಿಸ್ತಾರೆ. ಕಾಕು ನೋಡಬಹುದಾ ಅಂತ ಕೇಳಿದ್ದಕ್ಕೆ "ಸೆರಗಿನ ಸಾಲ ಅಷ್ಟ ನೋಡ್ಲಿ" ಅಂದರು. ಅದಕ್ಕೆ ಹಾಗೇ ಮಾಡಿಕೊಟ್ಟಿದ್ದೀವಿ. ಕೋಡ್ 200 ಸಾಲೂ ಇಲ್ಲ. ಯಾವ ಎಕ್ಸ್‌ಪೋದಲ್ಲೂ ಬಹುಮಾನ ಬರಲ್ಲ.

ಎಲ್ಲ ಸರಿಹೋಯ್ತು ಅಂತ ಬರೆಯೋಕೆ ಆಗಲ್ಲ. ಒಂದೊಂದು ರಾತ್ರಿ ಕಾಕಾ ಫೋನನ್ನ ಈಗಲೂ ಜೋಳದ ಡಬ್ಬಿಯಲ್ಲೇ ಇಡ್ತಾರೆ. ಬೆಳಿಗ್ಗೆ ತೆಗೆದು, ಹಿಟ್ಟು ಒರೆಸಿ, ಗುಂಡಿ ಒತ್ತುತ್ತಾರೆ. ಕೆಲವು ದಿನ ಒತ್ತಲ್ಲ, ಆ ದಿನ ಖಾಲಿ ಇರುತ್ತೆ. ಖಾಲಿ ಇದ್ದರೆ ಅಲಾರ್ಮ್ ಹೊಡೆಯೋ ಹಾಗೆ ಮಾಡಲಾ ಅಂತ ಒಮ್ಮೆ ಕೇಳಿದ್ವಿ. "ಬ್ಯಾಡ, ಖಾಲಿ ಇದ್ದರ ಖಾಲಿ ಇರ್ಲಿ" ಅಂದರು. ಕಾಕುಗೆ ಅದು ಹೆದರಿಕೆ. ಮತ್ತೆ ಮೂರು ದಿನ ಕಾಣೆಯಾದರೆ ಅನ್ನೋ ಪ್ರಶ್ನೆಗೆ ನಮ್ಮ 200 ಸಾಲಿನಲ್ಲಿ ಉತ್ತರ ಇಲ್ಲ. ಅದಕ್ಕೆ ಅವರಿಬ್ಬರೂ ಡಾಕ್ಟರ್ ಎದುರಿಗೇ ಒಂದು ಮಾತು ಮಾಡಿಕೊಂಡಿದ್ದಾರೆ. ಸೆರಗಿನ ಸಾಲಲ್ಲಿ ಎರಡು ದಿನ "ಒಂದ್ ನಮೂನಿ" ಬಂದರೆ ಮಂಗಳವಾರಕ್ಕೆ ಕಾಯದೆ ಕಾಕು ಫೋನು ಮಾಡಬಹುದು, ಕಾಕಾ ಸಿಟ್ಟಾಗೋ ಹಾಗಿಲ್ಲ.

ನಮ್ಮಲ್ಲಿ ಎಷ್ಟೋ ಜನ ನಾಳೆ ಇಂಥ ಆ್ಯಪ್‌ಗಳನ್ನ ಬರೀತೀವಿ, ಕಂಪನಿಗಳಿಗೆ, ಆಸ್ಪತ್ರೆಗಳಿಗೆ. ಸೆನ್ಸರ್ ಯಾವುದು, ಮಾಡೆಲ್ ಯಾವುದು ಅಂತ ತಲೆ ಕೆಡಿಸಿಕೊಳ್ಳೋ ಮುಂಚೆ ಯಾರ ಮೈಮನಸ್ಸಿನ ಲೆಕ್ಕವೋ ಅವರ ಎದುರು ಹೋಗಿ ಕೂತು, ಇದನ್ನೆಲ್ಲ ಹೇಳಿಯೂ ಅವರು ಹೂಂ ಅಂತಾರಾ ನೋಡಿ. ಹೇಳೋಕೆ ನಾಲಿಗೆ ತಡೆದರೆ ಬಗ್ ಅಲ್ಲೇ ಇದೆ.

ಇದನ್ನ ಓದ್ತಿರೋರಲ್ಲಿ ಯಾರಿಗಾದರೂ ಈ ಸೆಮ್ ಸುಮ್ಮನೆ "ಆರಾಮ" ಅಂತ ಹೇಳಿ ಹೇಳಿ ಸಾಕಾಗಿದ್ದರೆ, ಟೆಲಿ ಮನಸ್ ಸಹಾಯವಾಣಿ 14416. 2022ರ ಅಕ್ಟೋಬರ್ 10ಕ್ಕೆ ಶುರುವಾದದ್ದು, ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹಾಸ್ಟೆಲಿನಲ್ಲಿ ನಮ್ಮ ರೂಮಿನ ಬಾಗಿಲೂ ತೆರೆದಿರುತ್ತೆ.

ಕಳಿಸೋ ಮುಂಚೆ ಈ ಲೇಖನವನ್ನ ಕಾಕಾಗೆ ಪೂರ್ತಿ ಓದಿ ಹೇಳಿದ್ವಿ. ಎರಡು ಕಡೆ "ಇದು ಬ್ಯಾಡ" ಅಂದರು, ಅವನ್ನ ತೆಗೆದಿದ್ದೀವಿ. ಜೋಳದ ಡಬ್ಬಿ ನಿದ್ದೆ ಮಾಡ್ತಿತ್ತು ಅನ್ನೋ ಕಡೆ ನಕ್ಕರು, ಅದನ್ನ ಇಟ್ಟಿದ್ದೀವಿ.